ದಾರಿ ಹೇಳದ ಮೂಸಕುಂಞಿ ಬ್ಯಾರಿಗಳು

"ಮೂಸಕುಂಞಿ ಬ್ಯಾರಿಯ ಹತ್ತಿರ ದಾರಿ ಕೇಳಿದರೆ ದಾರಿ ಸಿಕ್ಕುದಿಲ್ಲ, ಬ್ಯಾರಿಯೇ ಸಿಕ್ಕುದು" ಎಂದು ಕಡಬದ ಪೇಟೆಯಲ್ಲಿ ಒಂದು ಮಾತಿತ್ತು. ಈ ಮಾತನ್ನು ಮೊದಲು ಆಡಿದವರು ಅವರ ನೆರೆಮನೆಯ ಸೇವಂತಿಯಕ್ಕ. ಅದಕ್ಕೆ ಬಾಲ ಕಟ್ಟಿದವನು ಚಾದ ಅಂಗಡಿಯ ಶುಕೂರ್. "ಒಂದು ದಿವಸ ಜೀವ ಒಯ್ಯುವ ಅಜ್ರಾಯಿಲ್ ಬಂದು ಇವನ ಹತ್ತಿರವೇ ಇವನ ಮನೆ ಎಲ್ಲಿ ಅಂತ ಕೇಳಿಯಾನು, ಇವ ಕೊಡೆ ತೆಗೆದುಕೊಂಡು ಜೊತೆಗೆ ಹೊರಟಾನು" ಎಂದು ಅವನು ಗ್ಲಾಸು ತೊಳೆಯುತ್ತ ಹೇಳಿದರೆ ಬೆಂಚಿನ ಮೇಲೆ ಕೂತವರೆಲ್ಲ ನಗುತ್ತಿದ್ದರು. ಬ್ಯಾರಿಗಳೂ ನಗುತ್ತಿದ್ದರು. ಆದರೆ ಅವರ ನಗು ತುಟಿಯಿಂದ ಮೇಲಕ್ಕೆ ಏರುತ್ತಿರಲಿಲ್ಲ.

ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು, ಹೆಣ್ಣು ನೋಡಲು ಬಂದವರು, ಕಳೆದ ದನವನ್ನು ಹುಡುಕುವವರು, ಮದ್ದು ಕೊಡುವ ಪಂಡಿತರ ಮನೆ ಕೇಳುವವರು, ಎಲ್ಲರೂ ಬಂದು ನಿಲ್ಲುವುದು ಮೂರು ದಾರಿಗಳು ಸೇರುವ ಆ ಮೂಲೆಯಲ್ಲಿ. ಆ ಮೂಲೆಯಲ್ಲೇ ಬ್ಯಾರಿಗಳ ಮುಳಿಹುಲ್ಲಿನ ಮಾಡು, ಅದರ ಎದುರಿನ ಜಗಲಿಯಲ್ಲಿ ಬಣ್ಣದ ಡಬ್ಬಿಗಳು. ಅವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಅಕ್ಷರವೆಂದರೆ ಅಕ್ಷರ; ನೂಲು ಹಿಡಿದು ಎಳೆದಂಥ ಗೆರೆ. ಯಾರಾದರೂ ಬಂದು "ಬ್ಯಾರಿಗಳೆ, ಇಂಥವರ ಮನೆಗೆ ಹೇಗೆ ಹೋಗುದು?" ಎಂದು ಕೇಳಿದರೆ, ಬರೆಯುತ್ತಿದ್ದ ಅಕ್ಷರವನ್ನು ಮಾತ್ರ ಮುಗಿಸಿ, ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿಟ್ಟು, ಗೂಟದಲ್ಲಿದ್ದ ಖಾಕಿ ಕೋಟನ್ನು ಹಾಕಿಕೊಂಡು, ಕೊಡೆಯನ್ನು ಕಂಕುಳಿಗೆ ಸೇರಿಸಿ, ಅವರು ಕೇಳುತ್ತಿದ್ದದ್ದು ಮೂರೇ ಮಾತು: "ಯಾರು? ಎಲ್ಲಿಗೆ? ಎಂತಕ್ಕೆ?" ಉತ್ತರ ಸಮಾಧಾನವಾದರೆ "ನಡೀರಿ, ನಾನೇ ಬರ್ತೇನೆ." ಕೈ ಎತ್ತಿ ತೋರಿಸುವುದಿಲ್ಲ, ಬಲಕ್ಕೆ ಎಡಕ್ಕೆ ಎನ್ನುವುದಿಲ್ಲ. ಕೇಳಿದವನಿಗಿಂತ ಅರ್ಧ ಹೆಜ್ಜೆ ಹಿಂದೆ, ತುಸು ಓರೆಯಾಗಿ, ಎಳೆಗರುವನ್ನು ಹಟ್ಟಿಗೆ ಅಟ್ಟುವವರ ಹಾಗೆ ನಡೆಯುವರು. ಮನೆಯ ಬಾಗಿಲು ತೆರೆದು ಒಳಗಿನವರು "ಬನ್ನಿ" ಎಂದ ಮೇಲೆಯೇ ಅವರು ಹಿಂದಿರುಗುವುದು.

ಐವತ್ತೊಂಬತ್ತನೆಯ ಇಸವಿಯಲ್ಲಿ ನಾನು ನರಿಮೊಗರಿನಿಂದ ಕಡಬದ ಶಾಲೆಗೆ ವರ್ಗವಾಗಿ ಬಂದಾಗ ಬಸ್ಸಿಳಿದು ದಾರಿ ಕೇಳಿದ್ದು ಅವರನ್ನೇ. ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರ, ಹೆಂಚು ಕಾಣುತ್ತಿತ್ತು. "ಅದೇ ಅಲ್ವಾ ಬ್ಯಾರಿಗಳೆ?" ಎಂದೆ. "ಅದೇ. ಆದ್ರೂ ನಡೀರಿ" ಎಂದು ಕೋಟು ಹಾಕಿಕೊಂಡರು. ಶಾಲೆಯ ಮೆಟ್ಟಿಲಲ್ಲಿ ನನ್ನನ್ನು ಹೆಡ್‌ಮಾಷ್ಟ್ರಿಗೆ ಒಪ್ಪಿಸಿ, ಕೊಟ್ಟ ಸಾಮಾನು ಸರಿಯಾಗಿ ಮುಟ್ಟಿತೋ ಎಂಬಂತೆ ಒಮ್ಮೆ ನೋಡಿ, ಹೋದರು.

ಇಂಥ ಮನುಷ್ಯನ ಮೇಲೆ ಕತೆಗಳು ಹುಟ್ಟದೆ ಇರುತ್ತವೆಯೇ? ಹೆಣ್ಣು ನೋಡಲು ಬಂದವರ ಜೊತೆಗೆ ಹೋಗಿ, ಅಲ್ಲಿ ಹುಡುಗಿ ಮುಖ ಕೊಡದೆ ಒಳಗೆ ಅಳುತ್ತಿದ್ದದ್ದನ್ನು ಕಂಡು, "ಇದಲ್ಲ ಮನೆ, ನನಗೆ ತಪ್ಪಿತು" ಎಂದು ಗಂಡಿನ ಕಡೆಯವರನ್ನು ಎಬ್ಬಿಸಿಕೊಂಡು ಬಂದದ್ದೊಂದು ಕತೆ. ಮಮ್ಮು ಎಂಬ ಮೀನು ಮಾರುವವನನ್ನು ಹಿಡಿಯಲು ಬಂದ ಪೋಲೀಸನು ದಾರಿ ಕೇಳಿದಾಗ ಅವನ ಜೊತೆಗೂ ಹೋದದ್ದು ಇನ್ನೊಂದು. ಪೋಲೀಸನು ಅಂಗಳದಲ್ಲಿ ಮಮ್ಮುವಿನ ಮೇಲೆ ಕೈ ಎತ್ತಬೇಕೆಂದರೆ ಬ್ಯಾರಿಗಳು ಕೊಡೆ ಊರಿಕೊಂಡು ಎದುರಿಗೇ ನಿಂತಿದ್ದಾರೆ. "ನೀ ಹೋಗು ಮಾರಾಯ, ಮನೆ ಸಿಕ್ಕಿತು" ಎಂದರೆ "ಸಿಕ್ಕಿದ ಮೇಲೆ ಎಂತ ಆಗ್ತದೆ ನೋಡಿಯೇ ಹೋಗುದು ನನ್ನ ಕ್ರಮ" ಎಂದರಂತೆ. ಎತ್ತಿದ ಕೈ ಟೊಪ್ಪಿಯನ್ನು ಸರಿಮಾಡಿಕೊಂಡು ಕೆಳಗಿಳಿಯಿತು.

ಊರಿನವರು ಒಮ್ಮೆ ಚಂದಾ ಎತ್ತಿ ಮೂಲೆಯಲ್ಲೊಂದು ಮರದ ಕಂಬ ಹುಗಿದು, ಊರುಗಳ ಹೆಸರೂ ಕೈಯ ಗುರುತೂ ಬರೆದುಕೊಡಬೇಕೆಂದು ಅವರನ್ನು ಕೇಳಿದರು. ಬ್ಯಾರಿಗಳು ನೆಲ್ಯಾಡಿ, ಗುಂಡ್ಯ, ಸುಬ್ರಹ್ಮಣ್ಯ, ಉಪ್ಪಿನಂಗಡಿ ಎಂದು ಬಿಳಿ ಬಣ್ಣದಲ್ಲಿ ಬಹು ಚಂದವಾಗಿ ಬರೆದರು. ಕೈಯ ಗುರುತು ಹಾಕಲಿಲ್ಲ. "ಇದರಿಂದ ಎಂತ ಪ್ರಯೋಜನ? ಊರು ಉಂಟು ಅಂತ ಗೊತ್ತಾಯ್ತು, ಎಲ್ಲುಂಟು?" ಎಂದು ಶುಕೂರ್ ಕೆಣಕಿದ. "ಅದನ್ನು ಕೇಳ್ಲಿಕ್ಕೆ ನಾನುಂಟಲ್ಲ" ಎಂದರು ಬ್ಯಾರಿಗಳು. ಶಾಲೆಯ ಗೋಡೆಗೆ ತಾಲೂಕಿನ ನಕ್ಷೆ ಬರೆದುಕೊಡಿ ಎಂದು ನಾನು ಕೇಳಿದಾಗಲೂ ಅಷ್ಟೇ. ಹೊಳೆ, ಗುಡ್ಡ, ಕಾಡು, ಒಂದೊಂದು ಮರವೂ ಜೀವಂತ. ರಸ್ತೆ ಮಾತ್ರ ಒಂದೂ ಇಲ್ಲ.

ಇದು ಹುಚ್ಚು ಎಂದು ಊರು ತೀರ್ಮಾನಿಸಿತ್ತು. ಬೊಂಬಾಯಿಯಲ್ಲಿ ಕೆಲಸಕ್ಕಿದ್ದಾಗ ತಲೆಗೆ ಬಿಸಿಲು ಹತ್ತಿದ್ದು ಎಂದು ಸೇವಂತಿಯಕ್ಕ ಮದ್ದಿನ ಸಮೇತ ಹೇಳುತ್ತಿದ್ದರು. ನಿಜ ಸಂಗತಿಯನ್ನು ಬ್ಯಾರಿಗಳೇ ನನಗೆ ಹೇಳಿದ್ದು ನೆಲ್ಯಾಡಿಯಿಂದ ಹಿಂದಿರುಗುವಾಗ. ಘಟ್ಟದಾಚೆಯಿಂದ ರಬ್ಬರ್ ತೋಟದ ಕೆಲಸಕ್ಕೆ ಬಂದಿದ್ದ ಒಬ್ಬ ಮುದುಕನನ್ನು ಅವನ ಮಗಳ ಮನೆಗೆ ಮುಟ್ಟಿಸಿ ನಾವಿಬ್ಬರೂ ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಮೇಲೆ ಬಹಳ ಎತ್ತರದಲ್ಲಿ ಒಂದು ವಿಮಾನ ಹೋಯಿತು. ಎಲ್ಲರೂ ವಿಮಾನ ಕಂಡರೆ ತಲೆ ಎತ್ತುತ್ತಾರೆ. ಬ್ಯಾರಿಗಳು ತಲೆ ತಗ್ಗಿಸಿದರು.

"ಆಕಾಶದಲ್ಲಿ ರಸ್ತೆ ಇಲ್ಲ ಮಾಷ್ಟ್ರೆ" ಎಂದರು, ತುಸು ದೂರ ನಡೆದ ಮೇಲೆ. "ಕಾಗದದಲ್ಲಿ ಉಂಟು. ಆ ಕಾಗದ ಬರೀತಿದ್ದದ್ದು ನಾವು."

ಬೊಂಬಾಯಿಯ ಕೋಟೆ ಪ್ರದೇಶದಲ್ಲಿ, ಹಡಗಿನ ಕಚೇರಿಗಳ ಮೇಲುಮಹಡಿಯಲ್ಲಿ, ಪರದೇಶದವರ ಒಂದು ಕಂಪೆನಿ. ಲೋಕದ ವಿಮಾನ ನಿಲ್ದಾಣಗಳ ವರ್ತಮಾನವೆಲ್ಲ ಅಲ್ಲಿಗೆ ಬರುತ್ತಿತ್ತು: ಓಡುವ ದಾರಿ ಎಷ್ಟು ಉದ್ದ, ದೀಪ ಯಾವ ಬಣ್ಣ, ರೇಡಿಯೋ ಕಂಬ ಯಾವ ದಿಕ್ಕಿಗೆ, ಪಕ್ಕದ ಗುಡ್ಡ ಎಷ್ಟು ಎತ್ತರ. ಅದನ್ನೆಲ್ಲ ಮೂಲ ಹಾಳೆಯಲ್ಲಿ ಬರೆದು, ಅಚ್ಚು ಹಾಕಿ, ಅಂಗೈಯಗಲದ ಹಾಳೆಗಳನ್ನು ಚರ್ಮದ ಕಟ್ಟಿನಲ್ಲಿ ಕಳುಹಿಸಿದರೆ ವಿಮಾನದವನು ಮೋಡದೊಳಗಿದ್ದರೂ ಅದನ್ನು ತೊಡೆಯ ಮೇಲೆ ಬಿಡಿಸಿಟ್ಟು ನೆಲಕ್ಕಿಳಿಯುತ್ತಾನೆ. ಎಲ್ಲಿಯಾದರೂ ಒಂದು ಕಂಬ ಸರಿದರೆ ಹಾಳೆ ಹಳತಾಯಿತು. ಹಳೆಯ ಗೆರೆಯನ್ನು ಅರ್ಧ ಬ್ಲೇಡಿನಿಂದ ಕೆರೆದು ಹೊಸತನ್ನು ಬರೆಯಬೇಕು. ಅಲ್ಲಿ ಬೋರ್ಡು ಬರೆಯುತ್ತಿದ್ದ ಹುಡುಗ ಮೂಸಕುಂಞಿಯ ಕೈಯ ನಯ ನೋಡಿ ಆ ಕೆರೆಯುವ ಕೆಲಸಕ್ಕೆ ಸೇರಿಸಿಕೊಂಡರು. "ಕೊಂಡವ ಯಾರು, ಎಲ್ಲಿಗೆ ಹೋಗ್ತಾನೆ, ಎಂತಕ್ಕೆ ಹೋಗ್ತಾನೆ, ಅದನ್ನು ಕೇಳುವ ಕ್ರಮ ಆ ಆಫೀಸಿನಲ್ಲಿ ಇರ್ಲಿಲ್ಲ ಮಾಷ್ಟ್ರೆ. ಯಾವ ದೇಶದವ ಆದ್ರೂ ಆಗ್ತದೆ. ಕೇಳಿದವನಿಗೆ ಕೊಡುದು."

ಅವರಿಗೊಬ್ಬ ತಮ್ಮ, ಅದ್ದು. ತಂದೆ ಮೊದಲೇ ತೀರಿಹೋಗಿದ್ದರಿಂದ ಅವನನ್ನು ಎತ್ತಿ ಆಡಿಸಿದವರೂ ಗದರಿಸಿದವರೂ ಇವರೇ. ಅವನು ಏಡನ್ನಿನ ಒಬ್ಬ ಕಂತ್ರಾಟುದಾರನ ಕೈಕೆಳಗೆ ಸೇರಿ, ಹಡಗುಗಳು ಹಾಯುವ ದೊಡ್ಡ ಕಾಲುವೆಯ ಆಚೆಯ ಮರಳುಗಾಡಿನ ಒಂದು ವಿಮಾನ ನಿಲ್ದಾಣದಲ್ಲಿ ಅಡಿಗೆಗೆ ನಿಂತ. ಅಣ್ಣ ತಮ್ಮ ಇಬ್ಬರಿಗೂ ಒಮ್ಮೆ ಒಟ್ಟಿಗೆ ರಜೆ ಸಿಕ್ಕಿ ಕಡಬದ ಮನೆಯಲ್ಲಿ ಕೂಡಿದಾಗ, ಉಮ್ಮ ಅಲೀಮಮ್ಮ ಬಡಿಸಿದ ಗಂಜಿಯ ತೆಳಿಯನ್ನು ನೆಲಕ್ಕೆ ಚೆಲ್ಲಿ ಅದ್ದು ಬೆರಳಿನಿಂದ ಚಿತ್ರ ಎಳೆದನಂತೆ. "ಇದು ವಿಮಾನ ಓಡುವ ದಾರಿ. ಇಲ್ಲಿ ನೀರಿನ ಟಾಂಕಿ. ಇಕೊ, ಇಲ್ಲಿ ಈಗ ಹೊಸತು ನಮ್ಮ ಅಡಿಗೆಮನೆ. ಮಲಗುದೂ ಅದರಲ್ಲೇ." ಉಮ್ಮ ಬಗ್ಗಿ ಆ ತೆಳಿಯ ಚೌಕವನ್ನು ನೋಡಿ, "ಗಾಳಿ ಬೆಳಕು ಉಂಟಾ ಮಗ?" ಎಂದು ಕೇಳಿದರಂತೆ.

ಬ್ಯಾರಿಗಳು ಬೊಂಬಾಯಿಗೆ ಮರಳಿದ ಮೇಲೆ ಅದೇ ನಿಲ್ದಾಣದ ಹಾಳೆ ತಿದ್ದುವುದಕ್ಕೆ ಬಂತು. ರೇಡಿಯೋ ಕಂಬ ಸರಿದಿತ್ತು. ಕಂಬವನ್ನು ತಿದ್ದಿ ಮುಗಿಸಿದ ಕೈ ಅಲ್ಲಿಗೇ ನಿಲ್ಲಲಿಲ್ಲ. ಟಾಂಕಿಯ ಪಕ್ಕದಲ್ಲಿ ಒಂದು ಚಿಕ್ಕ ಕಪ್ಪು ಚೌಕವನ್ನು ಬರೆಯಿತು. ಹೆಸರು ಬರೆಯಲಿಲ್ಲ, ಅಪ್ಪಣೆ ಕೇಳಲಿಲ್ಲ. ಪರೀಕ್ಷೆ ಮಾಡುವವನು ಅಂಕಿಗಳನ್ನು ನೋಡಿದ, ಚೌಕವನ್ನು ನೋಡಲಿಲ್ಲ. ಅಚ್ಚಾಯಿತು, ಹೋಯಿತು. ಇಡೀ ಲೋಕದ ವಿಮಾನದವರ ತೊಡೆಯ ಮೇಲೆ ತನ್ನ ತಮ್ಮನ ಅಡಿಗೆಮನೆ ಹಾರಾಡುತ್ತಿದೆಯೆಂದು ಬ್ಯಾರಿಗಳಿಗೆ ಬಹಳ ದಿನ ಒಳಗೊಳಗೇ ನಗು. ತಾಯಿ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವಂಥ ಕೆಲಸ ಅದು, ಅಷ್ಟೇ.

ಐವತ್ತಾರರಲ್ಲಿ ಕಾಲುವೆಗಾಗಿ ಯುದ್ಧ ಹತ್ತಿತು. ವಿಮಾನಗಳು ಸಮುದ್ರ ದಾಟಿ ಬಂದು ನಿಲ್ದಾಣಗಳ ಮೇಲೆ ಬಾಂಬು ಸುರಿದವು. ಅದ್ದು ಹೋದನೆಂದು ಕಂತ್ರಾಟುದಾರನ ತಂತಿ ಬರುವ ಮೊದಲೇ ಪತ್ರಿಕೆಯಲ್ಲಿ ಒಂದು ಸಾಲು ಬಂದಿತ್ತು: ಆ ನಿಲ್ದಾಣದಲ್ಲಿ ನೀರಿನ ಟಾಂಕಿಯ ಬಳಿಯ ಎಣ್ಣೆಯ ಉಗ್ರಾಣವನ್ನು ನಾಶಮಾಡಲಾಯಿತು. ಅಲ್ಲಿ ಎಣ್ಣೆಯ ಉಗ್ರಾಣ ಇರಲೇ ಇಲ್ಲ, ಇದ್ದದ್ದು ಒಂದು ಅಡಿಗೆಮನೆ.

"ಅವರ ಕೈಯಲ್ಲಿ ನಮ್ಮ ಹಾಳೆ ಇತ್ತಾ?" ಎಂದು ಬ್ಯಾರಿಗಳು ಮೇನೇಜರನನ್ನು ಕೇಳಿದರು. ಇರಬಹುದು, ಇಲ್ಲದಿರಬಹುದು, ಯುದ್ಧದವರಿಗೆ ಬೇರೆ ಫೋಟೋಗಳಿರುತ್ತವೆ, ನಾವು ಹಾಳೆ ಮಾರುವವರು, ಬಾಂಬು ಮಾರುವವರಲ್ಲ ಎಂದು ಅವನು ಒಳ್ಳೆಯ ಮಾತಿನಲ್ಲಿಯೇ ಹೇಳಿದ. ಅದು ನಿಜವೂ ಇರಬಹುದು. ಆ ಮೇಲೆ ಕೆಲವು ವಾರ ಕಳೆದು ಯಾವನೋ ಒಬ್ಬ ವಿಮಾನದವನಿಂದ ವರ್ತಮಾನ ಬಂತು: ಟಾಂಕಿಯ ಪಕ್ಕದ ಕಪ್ಪು ಗುರುತಿನ ಕಟ್ಟಡ ಈಗಿಲ್ಲ, ತೆಗೆಯತಕ್ಕದ್ದು. ತಿದ್ದುಪಡಿ ಬಂದು ಬಿದ್ದದ್ದು ಬ್ಯಾರಿಗಳ ಮೇಜಿನ ಮೇಲೆ.

"ಕೆರೆದೆ ಮಾಷ್ಟ್ರೆ" ಎಂದರು. ಕೋಟಿನ ಒಳಜೇಬಿಗೆ ಕೈ ಹಾಕಿ ಮರದ ಹಿಡಿಯ ಅರ್ಧ ಬ್ಲೇಡನ್ನು ತೆಗೆದು ತೋರಿಸಿದರು. "ಇದರಲ್ಲೇ. ಕಪ್ಪು ಹೋಯ್ತು, ಕೈ ನಿಲ್ಲಲಿಲ್ಲ. ಹಾಳೆ ತೂತು ಆಯ್ತು. ಆ ತೂತಿನಲ್ಲಿ ಮೇಜು ಕಂಡಿತು. ಎದ್ದು ಬಂದೆ."

ಸಾವಿನ ಸುದ್ದಿಯನ್ನು ಮನೆಗೆ ತಂದವರೂ ಅವರೇ. ಅಲೀಮಮ್ಮ ಎದೆ ಬಡಿದುಕೊಳ್ಳಲಿಲ್ಲವಂತೆ. ವಿಮಾನ ಯಾರದು, ಯುದ್ಧ ಯಾರಿಗೆ ಯಾರ ಮೇಲೆ, ಒಂದನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ: "ಅಷ್ಟು ದೂರದಿಂದ ಬಂದವರಿಗೆ ನನ್ನ ಮಗ ಮಲಗುವ ಜಾಗಕ್ಕೆ ದಾರಿ ಹೇಳಿದ್ದು ಯಾರು?"

ಆ ಪ್ರಶ್ನೆಯನ್ನು ಹೊತ್ತುಕೊಂಡು ಮೂಸಕುಂಞಿ ಬ್ಯಾರಿಗಳು ಊರಿನಲ್ಲಿ ಉಳಿದರು. ಹೆಂಡತಿ ಹಿಂದೆಯೇ ಬಾಣಂತಿತನದಲ್ಲಿ ತೀರಿಹೋಗಿದ್ದಳು, ತಾಯಿಯೊಬ್ಬಳೇ ಸಂಸಾರ. ಹೇಳಿದರೆ ಇದ್ದೊಬ್ಬ ತಾಯಿಯೂ ಇಲ್ಲವಾದಾಳು. ಹೇಳದಿದ್ದರೆ ಅವಳು ಬಡಿಸಿದ ಅನ್ನ ಉಣ್ಣಲಾಗದು. ಈ ಎರಡರ ನಡುವೆ ಸಿಕ್ಕಿಬಿದ್ದ ಮನುಷ್ಯ, ಕೇಳಿದವರಿಗೆಲ್ಲ ಬಾಯಲ್ಲಿ ದಾರಿ ಹೇಳುವುದನ್ನು ಬಿಟ್ಟು, ಕಾಲಲ್ಲಿ ನಡೆದು ತೋರಿಸುವುದಕ್ಕೆ ಹಿಡಿದರು.

ಅರುವತ್ತೈದರ ಯುದ್ಧದ ದಿನಗಳಲ್ಲಿ ಒಂದು ಕಾರು ಬಂದು ಆ ಮೂಲೆಯಲ್ಲಿ ನಿಂತಿತು. ಇಳಿದವರು ಗೌರೀಶಂಕರ ಎಂಬವರು, ಪುತ್ತೂರಿನ ಕಡೆಯವರೇ, ಬೊಂಬಾಯಿಯ ಕಂಪೆನಿಯಲ್ಲಿ ಬ್ಯಾರಿಗಳ ಪಕ್ಕದ ಮೇಜಿನಲ್ಲಿ ಕೂತವರು. ಶುಕೂರನ ಅಂಗಡಿಯ ಬೆಂಚೆಲ್ಲ ಜಗಲಿಗೆ ಬಂತು; ನಾನೂ ಇದ್ದೆ. ಗೌರೀಶಂಕರರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತನಾಡಲಿಲ್ಲ. ಗಡಿಯಾಚೆಯ ನಿಲ್ದಾಣಗಳ ವರ್ತಮಾನ ನಿಂತುಹೋಗಿದೆ, ಹಾಳೆಗಳು ಹಳತಾಗಿವೆ, ಹೊಸತಕ್ಕೆ ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ. ವರ್ಷಗಟ್ಟಲೆ ಅವನ್ನು ತಿದ್ದಿದವರು ಮೂಸಕುಂಞಿ, ಯಾವ ಗೆರೆಯ ಕೆಳಗೆ ಯಾವ ಗೆರೆ ಇತ್ತೆಂದು ನೆನಪಿರುವುದು ಅವರಿಗೆ. ಸ್ವಲ್ಪ ಕಾಲ ಬಂದರೆ ಸಾಕು.

"ಕೊಳ್ಳುವವ ಯಾರು? ಎಲ್ಲಿಗೆ ಹೋಗುದು? ಎಂತಕ್ಕೆ?" ಎಂದರು ಬ್ಯಾರಿಗಳು, ಕುಂಚ ಬಿಡದೆ.

"ಅದೆಲ್ಲ ನಮಗೆ ಎಂತಕ್ಕೆ ಮಾರಾಯ? ಅಲ್ಲಿಯೂ ಕೇಳ್ತಾ ಇರ್ಲಿಲ್ಲ, ಇಲ್ಲಿ ಕೇಳುದಾ?"

"ಆಗ್ಲಿ. ದಾರಿ ತೋರಿಸ್ತೇನೆ. ಆದ್ರೆ ನಾನೂ ವಿಮಾನದಲ್ಲಿ ಜೊತೆಗೆ ಬರುದು. ಅಲ್ಲಿ ಇಳಿದು, ಒಂದೊಂದು ಬಾಗಿಲು ತಟ್ಟಿ, ಒಳಗೆ ಯಾರುಂಟು ಅಂತ ನೋಡುವಾ. ಅದರ ಮೇಲೆ ಅವರು ಬೇಕಾದ್ದು ಹಾಕ್ಲಿ."

ಗೌರೀಶಂಕರರು ನೆಲ ನೋಡಿದರು. "ಅದು ಆಗುವ ಮಾತಾ ಮೂಸಕುಂಞಿ?"

"ಅಲ್ಲ. ಹಾಗಾದ್ರೆ ಇದೂ ನನ್ನಿಂದ ಆಗುದಿಲ್ಲ."

ಕಾರು ಹೋಯಿತು. ಬೆಂಚು ಮರಳಿ ಅಂಗಡಿಗೆ ಹೋಯಿತು, ಆದರೆ ಆ ದಿನದಿಂದ ಅಲ್ಲಿಯ ನಗೆಯ ಬಣ್ಣ ತಿರುಗಿತು. ದಾರಿ ಗೊತ್ತಿದ್ದೂ ಹೇಳದವನು, ಅದೂ ಯುದ್ಧದ ಕಾಲದಲ್ಲಿ, ಅದೂ ಆಚೆಯವರ ದಾರಿ; ಇಷ್ಟು ಸಾಕು, ಮಿಕ್ಕದ್ದನ್ನು ಬಾಯಿಗಳು ನೋಡಿಕೊಂಡವು. ಬೋರ್ಡು ಬರೆಸುವವರು ಪುತ್ತೂರಿಗೆ ಹೋಗತೊಡಗಿದರು. ಶುಕೂರ್ ಮಾತ್ರ ಒಮ್ಮೆ ಸಿಟ್ಟಿನಿಂದ "ಅವ ಪೋಲೀಸಿಗೂ ಹೇಳಿದವ ಅಲ್ಲ, ಪಾಕಿಸ್ತಾನಕ್ಕೆ ಹೇಳ್ತಾನಾ?" ಎಂದ. ಯಾರೂ ನಗಲಿಲ್ಲ. ಅವನು ಗ್ಲಾಸು ತೊಳೆಯಲು ತಿರುಗಿದ, ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಬ್ಯಾರಿಗಳನ್ನು ಮುರಿದದ್ದು ಊರಲ್ಲ. ಆ ದಿನ ಬಾಗಿಲ ಹಿಂದೆ ಅಲೀಮಮ್ಮ ಎಲ್ಲವನ್ನೂ ಕೇಳಿದ್ದರು. ಮರುದಿನ ಮಗನ ಎದುರು ಗಂಜಿಯ ಬಟ್ಟಲಿಟ್ಟು, ಎದ್ದು ಹೋಗದೆ ಅಲ್ಲೇ ಕೂತರಂತೆ. ಆಗ ಬ್ಯಾರಿಗಳು ಎಲ್ಲವನ್ನೂ ಹೇಳಿದರು. ತಾಯಿ ಕೇಳಿದ್ದು, ಮಗ ಹೇಳಿದ್ದು, ಎರಡನ್ನೂ ಅವರೇ ನನಗೆ ಶಾಲೆಯ ಹಿಂದಿನ ಕಟ್ಟೆಯಲ್ಲಿ ಕೂತು ಒಪ್ಪಿಸಿದರು.

"ಆ ಚೌಕದ ಒಳಗೆ ಅವ ಇದ್ದದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಉಮ್ಮ. ಅದಕ್ಕೇ ಬರೆದದ್ದು."

ಗಂಜಿಯ ಮೇಲೆ ಕೆನೆ ಕಟ್ಟಿತು. "ಹಾಗಾದರೆ ಅಲ್ಲಿಗೆ ದಾರಿ ನಿನಗೆ ಗೊತ್ತುಂಟು."

"ಉಂಟು."

"ಊರವರನ್ನೆಲ್ಲ ಕರಕೊಂಡು ಹೋಗ್ತಿ. ನನ್ನನ್ನು ಯಾವಾಗ ಕರಕೊಂಡು ಹೋಗುದು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಕ್ಷಮಿಸಿದ್ದರೆ ಅತ್ತು ಹಗುರಾಗಬಹುದಿತ್ತು. ಅಲೀಮಮ್ಮ ಎರಡನ್ನೂ ಮಾಡದೆ ದಾರಿ ಕೇಳಿದರು. ಮೊಣಗಂಟು ಬಿಗಿದು ಅಂಗಳಕ್ಕಿಳಿಯಲಾರದ ಮುದುಕಿ. ಸಮುದ್ರ, ಪರದೇಶ, ಪಾಸುಪೋರ್ಟು. ಎಷ್ಟೋ ಮಂದಿಯನ್ನು ಅವರವರ ಬಾಗಿಲಿಗೆ ಮುಟ್ಟಿಸಿದ ಮನುಷ್ಯನಿಗೆ ಈ ಒಬ್ಬರನ್ನು ಮುಟ್ಟಿಸಲಾಗಲಿಲ್ಲ. ಅಲೀಮಮ್ಮ ಮಗನೊಂದಿಗೆ ಬೇರೆ ಮಾತನ್ನೇ ನಿಲ್ಲಿಸಿದರು. ಅನ್ನ ಬಡಿಸುವಾಗ, ನೀರು ಕೊಡುವಾಗ, ಮುಖ ನೋಡಿ "ಯಾವಾಗ?" ಎಂದಷ್ಟೇ ಕೇಳುವರು. ಬ್ಯಾರಿಗಳು ಒಣಗುತ್ತ ಬಂದರು. ಕೋಟು ಗೂಟದಲ್ಲಿದ್ದಾಗಲೂ ಅವರ ಮೈಮೇಲಿದ್ದಾಗಲೂ ಒಂದೇ ರೀತಿ ಜೋತಾಡುತ್ತಿತ್ತು. ಅರುವತ್ತೇಳರ ಬೇಸಗೆಗೆ ಮುಂಚೆ ಆ ಮುದುಕಿ ಕೇಳುವುದನ್ನು ನಿಲ್ಲಿಸಿದರು. ಮಸೀದಿಯ ಹಿಂದೆ ಮಣ್ಣು ಮಾಡಿ ಬಂದ ಮೇಲೆ ಬ್ಯಾರಿಗಳು ನನ್ನೊಡನೆ ಆಡಿದ ಮಾತು: "ಇಷ್ಟು ದೂರಕ್ಕೆ ಮಾತ್ರ ಕರಕೊಂಡು ಹೋಗ್ಲಿಕ್ಕೆ ಆಯ್ತು ಮಾಷ್ಟ್ರೆ."

ಒಂದು ಗೆರೆ ಎಳೆದು, ಕೈ ತೊಳೆದು, ಊಟಕ್ಕೆ ಏಳಬಹುದಾದ ಕಾಲ ಇದು. ಗೆರೆಯ ಆ ತುದಿಯಲ್ಲಿ ಏನಾಯಿತೆಂಬುದು ಎಳೆದವನ ಕಣ್ಣಿಗೆ ಬೀಳುವುದಿಲ್ಲ. ಬೀಳಬೇಕೆಂಬ ಕಟ್ಟಳೆಯೂ ಇಲ್ಲ. ಆದರೂ ಅಲ್ಲಿಯವರೆಗೆ ನಡೆದುಹೋಗಿ ನೋಡದೆ ಉಣ್ಣಲಾರದ ಒಂದು ಜಾತಿಯ ಜನ ಅಲ್ಲಲ್ಲಿ ಹುಟ್ಟುತ್ತಾರೆ. ಅವರಿಂದ ಯಾವ ಯುದ್ಧವೂ ನಿಂತಿಲ್ಲ. ಊರು ಅವರನ್ನು ನೋಡಿ ಮೊದಲು ನಗುತ್ತದೆ, ಆಮೇಲೆ ಸಂಶಯಪಡುತ್ತದೆ, ಕಡೆಗೆ ಮರೆಯುತ್ತದೆ. ಅದೇ ಬೇಸಗೆಯ ಕೊನೆಗೆ ಆ ಮರಳುಗಾಡಿನ ನಿಲ್ದಾಣಗಳ ಮೇಲೆ ಮತ್ತೆ ವಿಮಾನಗಳು ಎರಗಿದವೆಂದು ರೇಡಿಯೋ ಹೇಳಿತು. ತಾಯಿ ತೀರಿದ ಮೇಲೆ ಊರು ಬಿಟ್ಟು ಹೊರಟಿದ್ದ ಬ್ಯಾರಿಗಳು ಅಷ್ಟರೊಳಗೆ ಅಲ್ಲಿಗೆ ಮುಟ್ಟಿದ್ದರೋ, ಬೊಂಬಾಯಿಯ ಹಡಗುಕಟ್ಟೆಯಲ್ಲೇ ಇದ್ದರೋ, ಯಾರಿಗೂ ತಿಳಿಯಲಿಲ್ಲ.

ಅವರು ಹೊರಟದ್ದು ಒಂದು ಬೆಳಿಗ್ಗೆ, ಪುತ್ತೂರಿನ ಮೊದಲ ಬಸ್ಸಿಗೆ. ಬಣ್ಣದ ಡಬ್ಬಿಗಳನ್ನು ಜಗಲಿಯಲ್ಲಿ ಸಾಲಾಗಿ ಕವುಚಿಟ್ಟಿದ್ದರು. ಬೀಗದ ಕೈಯನ್ನು ಸೇವಂತಿಯಕ್ಕನ ಕೈಗೆ ಕೊಟ್ಟು, "ಬೆಕ್ಕು ಉಂಟು, ನೋಡಿಕೊಳ್ಳಿ" ಎಂದರು. ಸೇವಂತಿಯಕ್ಕ "ಯಾವಾಗ ಬರುದು?" ಎಂದು ಬಾಯಿ ತೆರೆದವರು, ಆ ಮೊದಲ ಪದ ನಾಲಗೆಗೆ ಬಂದೊಡನೆ ಏಕೋ ನುಂಗಿಕೊಂಡರು. ಕೋಟು, ಕೊಡೆ, ಒಂದು ಬಟ್ಟೆಯ ಗಂಟು. ತಾವು ಬರೆದ, ಆದರೆ ಎಂದೂ ಕಾಣದ ಆ ಜಾಗಕ್ಕೆ ಬಾಗಿಲ ತನಕ ಹೋಗಿ ಬರಬೇಕೆಂದು ಹೊರಟಿದ್ದರು. ಬಸ್ಸಿನ ತನಕವಾದರೂ ಜೊತೆಗೆ ಹೋಗುತ್ತೇನೆಂದು ನಾನು ಬಂದಿದ್ದೆ.

ಅಂಗಳ ದಾಟಿ ಮೂಲೆಗೆ ಬಂದೆವಷ್ಟೇ. ಸೊಂಟಕ್ಕೆ ಗಂಟು ಕಟ್ಟಿದ ಒಬ್ಬ ಯಾತ್ರಿಕ, ಕೈ ಇಲ್ಲದ ಆ ಕಂಬದ ಕೆಳಗೆ ನಿಂತು ಅಕ್ಷರಗಳನ್ನು ಓದುತ್ತಿದ್ದವನು, ತಿರುಗಿ ಕೇಳಿದ: "ಸಾಹೇಬ್ರೆ, ಸುಬ್ರಹ್ಮಣ್ಯಕ್ಕೆ ಯಾವ ಕಡೆ ಹೋಗುದು?"

ಬ್ಯಾರಿಗಳು ನಿಂತರು. ಆಚೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಇಂದಾದರೂ ಕೈ ಎತ್ತಿ ತೋರಿಸಿಯಾರು ಎಂದು ನಾನು ನೋಡಿದೆ. ಕೈ ಕೊಡೆಯ ಹಿಡಿಯನ್ನು ಬಿಡಲಿಲ್ಲ.

"ಮಾಷ್ಟ್ರೆ" ಎಂದರು, "ಇವರೊಟ್ಟಿಗೆ ನೀವು ಹೋಗಿ."

ನಾನು ಹೋದೆ. ಆ ಯಾತ್ರಿಕನಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತ, ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಾಗ, ಮೂಸಕುಂಞಿ ಬ್ಯಾರಿಗಳು ಬಸ್ಸಿನ ಕಡೆಗೆ ಹೋಗುತ್ತಿದ್ದರು. ಅವರ ಜೊತೆಗೆ ಯಾರೂ ಇರಲಿಲ್ಲ.